ಹಲೀಮಾಳ ಹಿಂದೆ ಬರುವ ಅಪರಿಚಿತ

ಕಾಸರಗೋಡು ಕಡೆಯ ಬಾಯಾರಿನ ನಿವೃತ್ತ ಪೋಸ್ಟ್ ಮಾಸ್ಟರ್ ಉದಯಶಂಕರರಿಗೆ ಬೀಡಿ, ಇಸ್ಪೀಟು, ರಾಜಕೀಯ ಯಾವುದರ ಚಟವೂ ಇರಲಿಲ್ಲ. ಇದ್ದದ್ದು ಒಂದೇ ಒಂದು ಜಂಬ. ತನಗೆ ಓದಲು ಬಾರದ ವಿಳಾಸ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎನ್ನುವುದು. 'ಕುಂಟು ಆಡಿನವರ ಮನೆಗೆ, ಬಾಯಾರು' ಎಂದಷ್ಟೇ ಬರೆದಿದ್ದ ಕಾಗದವನ್ನು ಅವರು ಒಮ್ಮೆ ಸರಿಯಾದ ಬಾಗಿಲಿಗೆ ಮುಟ್ಟಿಸಿದ್ದರು. ಆಗ ಆ ಆಡು ಸತ್ತು ನಾಲ್ಕು ವರ್ಷವಾಗಿತ್ತು ಎಂಬ ಮಾತನ್ನು ಕೊನೆಗೆ ಸೇರಿಸದೆ ಅವರು ಈ ಕಥೆಯನ್ನು ಯಾರಿಗೂ ಹೇಳಿದವರಲ್ಲ. ಹೆಂಡತಿ ಶಂಕರಿ ಇದನ್ನು ಎಷ್ಟು ಸಲ ಕೇಳಿದ್ದರೆಂದರೆ, ಗಂಡ ಆಡಿನವರೆಗೆ ಬಂದಾಗ ಅವರು ಎದ್ದು ಕಾಫಿಗೆ ನೀರಿಡುತ್ತಿದ್ದರು. ಆಡು ಸಾಯುವ ಹೊತ್ತಿಗೆ ನೀರು ಕುದಿಯುತ್ತಿತ್ತು.

ಮೂವತ್ತಾರು ವರ್ಷದ ಸರ್ವೀಸು ಮುಗಿದ ಮೇಲೆ ಊರಿನ ವಾಚನಾಲಯದ ಬೀಗದಕೈ ಅವರ ಪಾಲಿಗೆ ಬಂತು. ಬೆಳಿಗ್ಗೆ ಹತ್ತಕ್ಕೆ ತೆರೆಯುವುದು, ಪೇಪರುಗಳನ್ನು ಕೋಲಿಗೆ ಸಿಕ್ಕಿಸುವುದು, ಹನ್ನೆರಡೂವರೆಗೆ ಮುಚ್ಚುವುದು. ಹೀಗೆ ಶಾಂತವಾಗಿದ್ದ ವಾಚನಾಲಯಕ್ಕೆ ಕಳೆದ ವರ್ಷ ಇಂಟರ್ನೆಟ್ ಬಂತು. ಬಾಯಾರಿನ ಆ ತಗ್ಗಿನಲ್ಲಿ ಮೊಬೈಲಿಗೆ ರೇಂಜ್ ಸಿಗುವುದು ಬಸ್ ಸ್ಟ್ಯಾಂಡಿನ ಹಿಂದಿನ ಬಂಡೆಯ ಮೇಲೆ ಮಾತ್ರ, ಅದೂ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಹಾಗಾಗಿ ವಾಚನಾಲಯಕ್ಕೆ ನೆಟ್ ಬಂದ ವಾರವೇ ಅದರ ಪಾಗಾರದ ಗೋಡೆಯ ಮೇಲೆ ಊರಿನ ಅರ್ಧ ಜನ ಕಾಲು ಇಳಿಬಿಟ್ಟು ಕೂತು ಕ್ರಿಕೆಟ್ ನೋಡತೊಡಗಿದರು. ಒಳಗೆ ಓದುವವರಿಗೆ ಒಂದು ಪುಟ ತೆರೆಯಬೇಕಾದರೆ ಊಟ ಮಾಡಿ ಬರುವಷ್ಟು ಹೊತ್ತು.

ವಾರ್ಡ್ ಮೆಂಬರೂ ವಾಚನಾಲಯದ ಅಧ್ಯಕ್ಷೆಯೂ ಆದ ಪಂಕಜಾಕ್ಷಿ ಇದಕ್ಕೊಂದು ದಾರಿ ಮಾಡಿದರು. ಕಾಸರಗೋಡಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಯಶ್ಮಿತಾ ಉದಯಶಂಕರರ ಪಕ್ಕದ ಮನೆಯವಳು. ಅವಳನ್ನು ಹಿಡಿದು, ಹೆಸರು ಬರೆಸಿದವರಿಗೆ ಮಾತ್ರ ನೆಟ್ ಸಿಗುವ ಹಾಗೆ ಮಾಡಿಸಿದರು. ನೆಟ್ಟಿಗೆ ಸೇರುವ ಪ್ರತಿಯೊಂದು ಫೋನಿಗೂ ಕಂಪ್ಯೂಟರಿಗೂ ಕಾರ್ಖಾನೆಯಲ್ಲೇ ಕೊಟ್ಟ ಒಂದು ನಂಬರು ಇರುತ್ತದೆ. ಎರಡೆರಡು ಅಂಕಿಯ ಆರು ಜೋಡಿ. ಯಶ್ಮಿತಾ ಬರೆದ ಪ್ರೋಗ್ರಾಂ ವಾಚನಾಲಯದ ಕಂಪ್ಯೂಟರಿನಲ್ಲಿ ಕೂತು, ಬಂದ ಯಂತ್ರದ ನಂಬರು ಪಟ್ಟಿಯಲ್ಲಿ ಉಂಟೋ ಇಲ್ಲವೋ ನೋಡುತ್ತದೆ. ಇದ್ದರೆ ಒಳಗೆ ಬಿಡುತ್ತದೆ. ಇಲ್ಲದಿದ್ದರೆ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ, 'ಅಪರಿಚಿತ ಯಂತ್ರ ಬಾಗಿಲು ತಟ್ಟಿದೆ' ಎಂದು ಬರೆದು, ಆ ನಂಬರನ್ನೂ ಅದರ ತಯಾರಕರ ಊರನ್ನೂ ತೋರಿಸುತ್ತದೆ.

ಇಪ್ಪತ್ತೆರಡು ಯಂತ್ರಗಳ ನಂಬರನ್ನು ಯಶ್ಮಿತಾಳೇ ಸೇರಿಸಿದಳು. ಅಷ್ಟರಲ್ಲಿ ಎಡನೀರಿನಲ್ಲಿ ಅವಳ ದೊಡ್ಡಮ್ಮ ಜಾರಿ ಬಿದ್ದು ಕಾಲು ಮುರಿದುಕೊಂಡರು. ಎರಡು ವಾರ ಅಲ್ಲಿಗೆ ಹೋಗಬೇಕಾಗಿ ಬಂದು, ಹೊರಡುವ ಮುನ್ನಾದಿನ ಅವಳು ಉದಯಶಂಕರರ ಜಗಲಿಯಲ್ಲಿ ಕೂತು ಎಲ್ಲವನ್ನೂ ಅವರಿಗೆ ವಿವರಿಸಿದಳು. ವಿಳಾಸದ ವಿಷಯ ಅಲ್ಲವೇ, ತನಗಿಂತ ಬೇರೆ ಯಾರು ಸಿಕ್ಕಿಯಾರು ಎಂಬ ಮುಖಮಾಡಿ ಅವರು ಕೇಳಿದರು.

"ಇದನ್ನೆಲ್ಲ ನಾನೇ ಬರೆದದ್ದಲ್ಲ ಮಾವ. ಯಾರೋ ಬರೆದು ಎಲ್ಲರಿಗೂ ಉಪಯೋಗ ಆಗಲಿ ಎಂದು ಇಟ್ಟ ಫಂಕ್ಷನ್‌ಗಳು ಉಂಟು. ಒಂದೊಂದು ಫಂಕ್ಷನ್ ಒಂದೊಂದು ಸಣ್ಣ ಕೆಲಸ ಮಾಡಿಕೊಡುತ್ತದೆ. ಒಂದು ಈ ನಂಬರನ್ನು ಆರು ತುಂಡು ಮಾಡುತ್ತದೆ, ಇನ್ನೊಂದು ಜೋಡಿಸಿ ಓದುವ ಹಾಗೆ ಬರೆಯುತ್ತದೆ."

"ಯಾರು ಅವರು, ಸುಮ್ಮನೆ ಕೊಟ್ಟವರು?"

"ಗೊತ್ತಿಲ್ಲ. ಎಲ್ಲೆಲ್ಲಿಯವರೋ."

ಮುಖ ಗೊತ್ತಿಲ್ಲದವರು ಮುಖ ಗೊತ್ತಿಲ್ಲದವರಿಗಾಗಿ ಮಾಡಿಟ್ಟ ಕೆಲಸ ಎಂದು ಕೇಳಿ ಉದಯಶಂಕರರಿಗೆ ಪ್ರೀತಿ ಬಂತು. ಅಂಚೆ ಇಲಾಖೆಯ ಹಾಗೆಯೇ ಎಂದುಕೊಂಡರು. ಆದರೆ ಯಶ್ಮಿತಾ ಮುಂದೆ ಹೇಳಿದ ವಿಷಯ ಅವರನ್ನು ಕುರ್ಚಿಯ ತುದಿಗೆ ತಂದಿತು. ನಮ್ಮ ಕಂಪ್ಯೂಟರುಗಳು ಹೆಚ್ಚಿನವೂ ಒಂದು ದೊಡ್ಡ ಸಂಖ್ಯೆಯನ್ನು ಒಳಗೆ ಇಟ್ಟುಕೊಳ್ಳುವಾಗ ಸಣ್ಣ ತುದಿಯನ್ನು ಮೊದಲು ಇಡುತ್ತವಂತೆ. ತಂತಿಯ ಮೇಲೆ ಕಳಿಸುವಾಗ ಮಾತ್ರ ದೊಡ್ಡ ತುದಿ ಮೊದಲು ಹೋಗಬೇಕಂತೆ. ಹಾಗಾಗಿ ನಡುವೆ ತಿರುಗಿಸಿ ಕೊಡಲಿಕ್ಕೆಂದೇ ಬೇರೆ ಫಂಕ್ಷನ್ ಇದೆಯಂತೆ.

"ಪ್ರತಿ ಸಲವೂ ತಿರುಗಿಸುವುದಾ? ಪಾಪ," ಎಂದರು ಉದಯಶಂಕರರು. ಮೂವತ್ತಾರು ವರ್ಷ ಉಲ್ಟಾ ಕಟ್ಟಿದ ಕಾಗದದ ಕಟ್ಟುಗಳನ್ನು ಬಿಚ್ಚಿ ನೇರ ಮಾಡಿದ ಕೈ ಅವರದು. ಮಾತಾಡಿ ಮಾತಾಡಿ ಹುಡುಗಿಯ ಗಂಟಲು ಒಣಗಿದ್ದನ್ನು ಕಂಡು ಅವರು ಮಜ್ಜಿಗೆ ತರಲು ಒಳಗೆ ಹೋದರು. ಅವರು ಒಳಗಿದ್ದಾಗ ಯಶ್ಮಿತಾ ಇನ್ನೊಂದು ವಾಕ್ಯ ಹೇಳಿದಳು. ಅದನ್ನು ಕೇಳಿದ್ದು ಜಗಲಿಯ ಕಂಬ ಮಾತ್ರ. ಮುಂದೆ ಬಾಯಾರಿನಲ್ಲಿ ಆದ ಸಕಲ ಅನಾಹುತಕ್ಕೂ ಆ ಒಂದು ಲೋಟ ಮಜ್ಜಿಗೆಯೇ ಕಾರಣ.

ಮರುದಿನ ಹತ್ತು ಗಂಟೆಗೆ ಹಲೀಮಾ ಬಂದಳು. ಜಂಕ್ಷನ್ನಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಮೊಯಿನುದ್ದೀನನ ಹೆಂಡತಿ ಅವಳು. ವಯಸ್ಸು ಐವತ್ತೆರಡು. ಒಂಬತ್ತನೆಯ ತರಗತಿಯಲ್ಲಿರುವಾಗ ತಾಯಿ ಹಾಸಿಗೆ ಹಿಡಿದರೆಂದು ಶಾಲೆ ಬಿಟ್ಟವಳು ಮಕ್ಕಳಿಗೆಲ್ಲ ಮದುವೆಯಾದ ಮೇಲೆ, ಶಾಲೆ ಬಿಟ್ಟ ದೊಡ್ಡವರಿಗಾಗಿ ಇರುವ ಹತ್ತನೆಯ ತುಲ್ಯತಾ ಪರೀಕ್ಷೆಗೆ ಸೇರಿದ್ದಳು. ಲಿಖಿತ ಪರೀಕ್ಷೆ ಎಲ್ಲ ಮುಗಿದಿತ್ತು. ಉಳಿದದ್ದು ವಿಜ್ಞಾನದ ಮೌಖಿಕ ಒಂದೇ. ಅದು ಮುಂದಿನ ವಾರದ ಶನಿವಾರ ಹನ್ನೊಂದು ಗಂಟೆಗೆ, ನೆಟ್ಟಿನಲ್ಲಿ, ಪರೀಕ್ಷಾ ಕೇಂದ್ರದವರು ಕೊಟ್ಟ ಟ್ಯಾಬಿನಲ್ಲೇ ಆಗಬೇಕು. ಪರೀಕ್ಷೆಯ ಜಾಗ ಎಂದು ಅರ್ಜಿಯಲ್ಲಿ ವಾಚನಾಲಯವನ್ನು ತೋರಿಸಿ, ಸಾಕ್ಷಿಯಾಗಿ ಉದಯಶಂಕರರ ಸಹಿಯನ್ನೂ ಹಾಕಿಸಿಯಾಗಿತ್ತು. ಆ ದಿನ ತಪ್ಪಿದರೆ ಮತ್ತೆ ಒಂದು ವರ್ಷ.

"ಇಷ್ಟೆಲ್ಲ ಎಂತಕ್ಕೆ ಹಲೀಮಾ, ಈಗ?" ಎಂದು ಉದಯಶಂಕರರು ಮೊದಲೊಮ್ಮೆ ಕೇಳಿದ್ದರು.

"ನನ್ನ ಹೆಸರಿಗೆ ಒಂದು ಕಾಗದ ಬರಬೇಕು ಮಾಷ್ಟ್ರೇ. ನೀವೇ ಹೇಳಿ, ಇಷ್ಟು ವರ್ಷದಲ್ಲಿ ನನ್ನ ಹೆಸರು ಬರೆದದ್ದು ಒಂದಾದರೂ ತಂದಿದ್ದೀರಾ?"

ಅವರು ಯೋಚಿಸಿ ನೋಡಿದರು. ಮದುವೆ ಕಾಗದ, ಕರೆಂಟು ಬಿಲ್ಲು, ಅವಳ ತಮ್ಮ ದುಬೈಯಿಂದ ಹಾಕಿದ ಪತ್ರಗಳು, ಎಲ್ಲ ಮೊಯಿನುದ್ದೀನನ ಹೆಸರಿಗೇ ಬಂದದ್ದು. ಅಂದಿನಿಂದ ಹಲೀಮಾ ಪಾಸಾಗುವುದು ಅವರಿಗೂ ಬೇಕಾದ ವಿಷಯವಾಗಿತ್ತು.

ಹಾಗಾಗಿ ಟ್ಯಾಬಿನ ಬೆನ್ನ ಮೇಲಿನ ನಂಬರನ್ನು ಸೇರಿಸುವಾಗ ಅವರು ತುಸು ಹೆಚ್ಚಿನ ಕಾಳಜಿಯನ್ನೇ ವಹಿಸಿದರು. ಅಲ್ಲಿ ಬರೆದದ್ದು 64-18-52-70-31-09. ಮೊದಲ ಮೂರು ಜೋಡಿ ತಯಾರಕರದ್ದು, ಕೊನೆಯ ಮೂರು ಆ ಒಂದು ಯಂತ್ರದ್ದು ಎಂದು ಯಶ್ಮಿತಾ ಹೇಳಿದ್ದಳು. ಅಂದರೆ ದೇಶ ಮೊದಲು, ಮನೆ ಕೊನೆಗೆ. ಯಾವ ಸೀಮೆಯ ವಿಳಾಸ ಇದು? ಕಾಗದದ ಮೇಲೆ ಮೊದಲು ಹೆಸರು, ಮತ್ತೆ ಮನೆ, ಮತ್ತೆ ಊರು, ಕೊನೆಗೆ ಜಿಲ್ಲೆ. ಯಂತ್ರವೂ ಒಳಗೆ ಸಣ್ಣ ತುದಿಯನ್ನೇ ಮೊದಲು ಇಡುತ್ತದೆ ಎಂದಮೇಲೆ ಅದಕ್ಕೆ ತಿರುಗಿಸುವ ಶ್ರಮ ಎಂತಕ್ಕೆ, ತಾನೇ ತಿರುಗಿಸಿ ಕೊಟ್ಟರೆ ಆಯಿತಲ್ಲ! ಹೀಗೆ ಯಂತ್ರದ ಮೇಲೂ ಕರುಣೆ ತೋರಿ ಅವರು ಕಂಪ್ಯೂಟರಿನಲ್ಲಿ 09-31-70-52-18-64 ಎಂದು ಒತ್ತಿದರು. ರಿಜಿಸ್ಟರಿನಲ್ಲೂ ಅದನ್ನೇ ದುಂಡಗೆ ಬರೆದು, ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದರು.

ಐದು ನಿಮಿಷ ಕಳೆದಿರಲಿಲ್ಲ, ಪರದೆಯ ಮೇಲೆ ಕೆಂಪು ಸಾಲು ಬಂತು. 'ಅಪರಿಚಿತ ಯಂತ್ರ ಬಾಗಿಲು ತಟ್ಟಿದೆ. 64-18-52-70-31-09. ಶೆನ್ಝೆನ್, ಚೀನಾ.'

ಉದಯಶಂಕರರು ಎದ್ದು ಕಿಟಕಿಯಿಂದ ಪಾಗಾರ ನೋಡಿದರು. ಯಾರೂ ಇಲ್ಲ. ವಾಚನಾಲಯದಲ್ಲಿ ಇದ್ದದ್ದು ಅವರು, ಹಲೀಮಾ, ಮತ್ತು ಪೇಪರಿನ ಹಿಂದೆ ನಿದ್ದೆ ಮಾಡುತ್ತಿದ್ದ ಒಬ್ಬರು ರಿಟೈರ್ಡ್ ಡ್ರೈವರ್.

"ನನಗೆ ನೆಟ್ ಸಿಕ್ಕುವುದಿಲ್ಲ ಮಾಷ್ಟ್ರೇ," ಎಂದಳು ಹಲೀಮಾ.

ಹೊಸ ಯಂತ್ರ ಅಲ್ಲವೇ, ಪಳಗಲಿಕ್ಕೆ ಎರಡು ದಿನ ಬೇಕು ಎಂದು ಅವರು ಸಮಾಧಾನ ಹೇಳಿದರು. ಅವಳು ಪುಸ್ತಕ ತೆಗೆದು ಓದಿಕೊಂಡಳು. ಹೋಗುವಾಗ ಎಂದಿನಂತೆ ಫ್ಲಾಸ್ಕಿನಲ್ಲಿ ತಂದಿದ್ದ ಶುಂಠಿ ಚಹಾದಲ್ಲಿ ಒಂದು ಲೋಟ ಅವರ ಮೇಜಿನ ಮೇಲೆ ಮುಚ್ಚಿಟ್ಟು ಹೋದಳು.

ಎರಡನೆಯ ದಿನ ಹಲೀಮಾ ಬಂದದ್ದು ಹತ್ತೂ ಐದಕ್ಕೆ, ಅಪರಿಚಿತ ಬಂದದ್ದು ಹತ್ತೂ ಏಳಕ್ಕೆ. ಮೂರನೆಯ ದಿನ ಅವಳು ಹತ್ತೂ ಕಾಲಿಗೆ, ಅದು ಹತ್ತೂ ಹದಿನೇಳಕ್ಕೆ. ಶುಕ್ರವಾರವೂ ಶನಿವಾರವೂ ಮನೆಯಲ್ಲಿ ನೆಂಟರೆಂದು ಅವಳು ಬರಲಿಲ್ಲ. ಅಪರಿಚಿತನೂ ಬರಲಿಲ್ಲ. ಉದಯಶಂಕರರು ಇದನ್ನೆಲ್ಲ ರಿಜಿಸ್ಟರಿನ ಹಿಂದಿನ ಪುಟದಲ್ಲಿ ಸಮಯ ಸಮೇತ ಬರೆದಿಟ್ಟರು. ಸೋಮವಾರ ಮತ್ತೆ ಅದೇ ಆಯಿತು. ಆ ಪುಟವನ್ನು ಎರಡು ಸಲ ಓದಿದ ಮೇಲೆ ಅವರ ಕೈಯಲ್ಲಿದ್ದ ಪೆನ್ನು ತಾನಾಗಿ ಕೆಳಗೆ ಬಿತ್ತು.

ಯಾರೋ ಹಲೀಮಾಳನ್ನು ಹಿಂಬಾಲಿಸುತ್ತಿದ್ದಾರೆ.

ಹೆದರಿಸಬಾರದು ಎಂದು ಅವರು ಅವಳನ್ನು ಮೆಲ್ಲನೆ ಕೇಳಿದರು. ಬರುವಾಗ ದಾರಿಯಲ್ಲಿ ಯಾರಾದರೂ ಸಿಗುತ್ತಾರಾ, ಹಿಂದೆ ತಿರುಗಿ ನೋಡುವ ಅಭ್ಯಾಸ ಉಂಟಾ, ಹೀಗೆ. ಹಲೀಮಾ ಪರದೆಯನ್ನು ನೋಡಿದಳು. ಟ್ಯಾಬನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿದಳು. ಕೆಂಪು ಸಾಲು ಇನ್ನೊಂದು ಬಂತು.

"ಮಾಷ್ಟ್ರೇ, ಅದು ನನ್ನ ಟ್ಯಾಬೇ ಆಗಿರಬಹುದಾ?"

"ನಿನ್ನ ವಿಳಾಸ ಬರೆದದ್ದು ನಾನು ಹಲೀಮಾ. ಕೆಂಪು ಗೆರೆ ಎಳೆದಿದ್ದೇನೆ, ನೋಡು." ಅವರು ರಿಜಿಸ್ಟರನ್ನೂ ಪರದೆಯನ್ನೂ ಹೋಲಿಸಿಯೂ ನೋಡಿದ್ದರು. ಇಲ್ಲಿ ಮೊದಲ ಜೋಡಿ 09, ಅಲ್ಲಿ 64. ಮೊದಲ ಸಾಲೇ ತಪ್ಪಿದ ಕಾಗದವನ್ನು ಮುಂದೆ ಓದುತ್ತಾ ಕೂರುವ ಪೋಸ್ಟ್ ಮಾಸ್ಟರ್ ಯಾರೂ ಇಲ್ಲ.

ಹಲೀಮಾ ಟ್ಯಾಬನ್ನು ಚೀಲಕ್ಕೆ ಹಾಕಿ ಪುಸ್ತಕ ತೆರೆದಳು. ದೊಡ್ಡವರು ಅಷ್ಟು ಖಚಿತವಾಗಿ ಹೇಳುವಾಗ ಎದುರು ಹೇಳಿ ಅವರ ಮುಖ ಸಣ್ಣದು ಮಾಡುವ ಜಾತಿಯವಳಲ್ಲ ಅವಳು.

ಉದಯಶಂಕರರು ವಿಷಯವನ್ನು ಪಂಕಜಾಕ್ಷಿಗೆ ಗುಟ್ಟಾಗಿ ತಿಳಿಸಿದರು. ಪಂಕಜಾಕ್ಷಿ ಅದನ್ನು ಅಷ್ಟೇ ಗುಟ್ಟಾಗಿ ಮೊಯಿನುದ್ದೀನನಿಗೆ, ಅವನ ಅಂಗಡಿಯಲ್ಲಿ, ಮೂವರು ಗಿರಾಕಿಗಳು ಚಪ್ಪಲಿ ಮೆಟ್ಟಿ ನೋಡುತ್ತಿದ್ದಾಗ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಜಂಕ್ಷನ್ನಿನಲ್ಲಿ, ಹಲೀಮಾಳ ಹಿಂದೆ ಯಾರೋ ಬರುತ್ತಾನೆ ಎಂದಾಗಿತ್ತು. ಉಪ್ಪಳದ ಬಸ್ಸು ಹೋಗಿ ವಾಪಸು ಬರುವಾಗ ಅವನು ಚೀನಾದವನಾಗಿದ್ದ. ಸಂಜೆ ಹಾಲು ಹಾಕಲು ಹೋದ ಶಂಕರಿಗೆ ಸೊಸೈಟಿಯಲ್ಲಿ ಸಿಕ್ಕಿದ ಸುದ್ದಿಯ ಪ್ರಕಾರ ಅವನು ಟೊಪ್ಪಿ ಇಟ್ಟಿದ್ದ ಮತ್ತು ಅಲ್ಪಸ್ವಲ್ಪ ತುಳು ಮಾತಾಡುತ್ತಿದ್ದ.

ಮಂಗಳವಾರ ಬೆಳಿಗ್ಗೆ ಮೊಯಿನುದ್ದೀನ್ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಹೆಂಡತಿಯ ಹಿಂದೆ ಹತ್ತು ಹೆಜ್ಜೆ ಬಿಟ್ಟು ಕೊಡೆ ಹಿಡಿದು ಬಂದ. ಪರೀಕ್ಷೆ ಬಿಡು ಎಂದು ಒಂದು ಮಾತು ಅವನು ಹೇಳಲಿಲ್ಲ. ಜಗಲಿಯ ಬೆಂಚಿನ ಮೇಲೆ ಕೂತು, ದಾರಿಯಲ್ಲಿ ಹೋಗುವ ಪ್ರತಿಯೊಬ್ಬರ ಮುಖವನ್ನೂ ನೋಡಿದ. ಅವನೊಬ್ಬನೇ ಕೂತದ್ದು ಸರಿಯಲ್ಲವೆಂದು ಆಟೋ ಸ್ಟ್ಯಾಂಡಿನ ಮೂವರು ಬಂದು ಜತೆಗೆ ಕೂತರು. ಕಾವಲು ಎಂದರೆ ಬಹಳ ಬೇಸರದ ಕೆಲಸ. ಹತ್ತು ನಿಮಿಷದಲ್ಲಿ ನಾಲ್ವರೂ ಫೋನ್ ತೆಗೆದರು. ನೆಟ್ ಸಿಕ್ಕೀತೇ ಎಂದು ವಾಚನಾಲಯದ ಹೆಸರನ್ನು ಒತ್ತಿ ನೋಡಿದರು.

ಒಳಗೆ ಉದಯಶಂಕರರ ಎದುರು ಒಂದಿದ್ದ ಕೆಂಪು ಸಾಲು ಐದಾಯಿತು.

ಅವರು ಹೊರಗೆ ಬಂದು, ಅವನು ಈಗ ಒಬ್ಬನೇ ಅಲ್ಲ, ಐದು ಜನ ಇದ್ದಾರೆ ಎಂದರು. ಐದು ಜನರ ಎದುರು ನಾಲ್ವರು ಎಂತ ಮಾಡಿಯಾರು? ಬುಧವಾರ ಕಾವಲಿಗೆ ಹನ್ನೊಂದು ಮಂದಿ ಬಂದರು. ಶತ್ರುಗಳು ಹನ್ನೆರಡಾದರು. ಇವರು ಒಬ್ಬೊಬ್ಬರು ಹೆಚ್ಚಾದ ಹಾಗೆ ಅವರೂ ಒಬ್ಬೊಬ್ಬರು ಹೆಚ್ಚಾಗುವುದನ್ನು ಕಂಡು ಉದಯಶಂಕರರಿಗೆ, ಎದುರಿನವರಿಗೆ ನಮ್ಮ ಪ್ರತಿ ಹೆಜ್ಜೆಯೂ ಮುಂಚಿತವಾಗಿ ಗೊತ್ತಾಗುತ್ತಿದೆ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಆ ಹನ್ನೆರಡರಲ್ಲಿ ಏಳು ಚೀನಾದ್ದೇ. ದೇಲಂಪಾಡಿ ಕಡೆಯಿಂದ ಗಡಿ ದಾಟಿ ಬಂದಿರಬೇಕು ಎಂದು ಆಟೋದವನೊಬ್ಬ ಹೇಳಿದ. ಕರ್ನಾಟಕದ ಗಡಿಯಿಂದ ಚೀನಾದವರು ಯಾಕೆ ಬರುತ್ತಾರೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಭೂಗೋಳ ಕೇಳುವ ಸಮಯ ಅದಾಗಿರಲಿಲ್ಲ.

ಗುರುವಾರ ಪೊಲೀಸ್ ಬೋಜ ಬಂದರು. ಬೋಜ ದೊಡ್ಡ ಮೀಸೆಯ, ಸಣ್ಣ ಸ್ವರದ ಮನುಷ್ಯ. ಪರದೆಯನ್ನು ನೋಡುತ್ತಾ ನಿಂತಿದ್ದ ಅವರ ಕಿಸೆಯಲ್ಲಿ ಫೋನ್ ಚಾರ್ಜ್ ಮುಗಿಯುತ್ತಿದೆಯೆಂದು ಗುಂಯ್ ಎಂದಿತು. ಅವರು ಅದನ್ನು ತೆಗೆದು ಅಭ್ಯಾಸದಂತೆ ವಾಚನಾಲಯದ ನೆಟ್ ಸಿಗುತ್ತದೋ ಎಂದು ಒತ್ತಿದರು. ಹದಿಮೂರನೆಯ ಸಾಲು ಅವರ ಕಣ್ಣೆದುರಿಗೇ ಮೂಡಿತು.

"ಈಗಷ್ಟೇ ಒಬ್ಬ ಒಳಗೆ ಬಂದ," ಎಂದು ಉದಯಶಂಕರರು ಪಿಸುಗುಟ್ಟಿದರು. "ನಿಮ್ಮ ಹಿಂದೆಯೇ."

ಬೋಜರು ಗಕ್ಕನೆ ತಿರುಗಿದರು. ಹಿಂದೆ ಇದ್ದದ್ದು ನಿಘಂಟುಗಳ ಕಪಾಟು.

ಆ ಸಂಜೆ ಸಭೆ ಸೇರಿತು. ಯಶ್ಮಿತಾಳಿಗೆ ಸುದ್ದಿ ಮುಟ್ಟಿಸಿದರೆ ಹೇಗೆ ಎಂದು ಯಾರೋ ಕೇಳಿದಾಗ, ಪಾಪ, ಅವಳು ಆಸ್ಪತ್ರೆಯಲ್ಲಿ ದೊಡ್ಡಮ್ಮನನ್ನು ನೋಡುತ್ತಿದ್ದಾಳೆ, ಅವಳ ತಲೆಗೆ ಇದನ್ನು ಹಾಕುವುದು ಬೇಡ ಎಂದರು ಉದಯಶಂಕರರು. ಅದರಲ್ಲಿ ಅರ್ಧ ಕರುಣೆ, ಅರ್ಧ ಜಂಬ. ಪಂಕಜಾಕ್ಷಿ ಎದ್ದು ನಿಂತು ತೀರ್ಮಾನ ಹೇಳಿದರು. ಶನಿವಾರ ಹತ್ತೂವರೆಯ ಒಳಗೆ ಇದು ಯಾರೆಂದು ಗೊತ್ತಾಗದಿದ್ದರೆ ನೆಟ್ಟಿನ ತಂತಿಯನ್ನೇ ಕಿತ್ತಿಡುವುದು. ಹೆಂಗಸೊಬ್ಬಳ ಜೀವದ ಪ್ರಶ್ನೆ.

"ಹನ್ನೊಂದಕ್ಕೆ ನನ್ನ ಪರೀಕ್ಷೆ ಉಂಟು," ಎಂದಳು ಹಲೀಮಾ.

ಪಂಕಜಾಕ್ಷಿ ತನ್ನ ಕಡೆಗಿದ್ದ ಫ್ಯಾನನ್ನು ಸುಮ್ಮನೆ ಹಲೀಮಾಳ ಕಡೆಗೆ ತಿರುಗಿಸಿದರು. ಹಲೀಮಾ ವಿಜ್ಞಾನದ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, ಫ್ಲಾಸ್ಕಿನಿಂದ ಬೋಜರಿಗೂ ಒಂದು ಲೋಟ ಚಹಾ ಬಗ್ಗಿಸಿ, ಮನೆಗೆ ಹೋದಳು.

ಶನಿವಾರ ಒಂಬತ್ತೂವರೆಗೇ ಉದಯಶಂಕರರು ಬಾಗಿಲು ತೆರೆದರು. ಹೇಗಾದರೂ ಹಲೀಮಾಳನ್ನು ಪರೀಕ್ಷೆಗೆ ಕೂರಿಸಲೇಬೇಕೆಂದು ಅವರು ಒಂದು ಯುಕ್ತಿ ಹೂಡಿದ್ದರು. ಬಂದವರೆಲ್ಲ ಫೋನ್ ಆಫ್ ಮಾಡಿ ಹಳೆಯ ಪೇಪರು ಹಾಕುವ ಬುಟ್ಟಿಗೆ ಹಾಕಬೇಕು. ನಮ್ಮವು ಒಂದೂ ಇಲ್ಲ ಎಂದಾದ ಮೇಲೆ ಉಳಿಯುವುದು ಅವನದ್ದೇ ತಾನೇ? ಇಪ್ಪತ್ತೇಳು ಫೋನು ಬುಟ್ಟಿಗೆ ಬಿದ್ದವು. ಬೋಜರು ಸರಕಾರಿ ಫೋನನ್ನೂ ಹಾಕಿದರು. ಉದಯಶಂಕರರು ಪರದೆಯ ಹಳೆಯ ಸಾಲುಗಳನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡಿದರು.

ಒಂದು ನಿಮಿಷ ಏನೂ ಇಲ್ಲ. ಹದಿಮೂರು ಜನ ಶತ್ರುಗಳೂ ಮಾಯವಾಗಿದ್ದರು. ಇದು ಎಲ್ಲಿಯ ವಿಚಿತ್ರ ಎಂದು ಮುಖ ಮುಖ ನೋಡಿಕೊಂಡರು.

"ಈಗ ನೀನು ತೆಗೆ ಹಲೀಮಾ," ಎಂದರು ಉದಯಶಂಕರರು. ಅವಳು ಟ್ಯಾಬ್ ಆನ್ ಮಾಡಿದಳು.

'ಅಪರಿಚಿತ ಯಂತ್ರ ಬಾಗಿಲು ತಟ್ಟಿದೆ. 64-18-52-70-31-09.'

ಮೊಯಿನುದ್ದೀನ್ ಕೊಡೆಯನ್ನು ಎರಡು ಕೈಯಲ್ಲಿ ಹಿಡಿದ. ಬೋಜರು ಮೊಣಕಾಲೂರಿ ಮೇಜಿನ ಕೆಳಗೆ ನೋಡಿದರು. ಅಲ್ಲಿ ಉದಯಶಂಕರರ ಚಪ್ಪಲಿ ಇತ್ತು. ಗಡಿಯಾರದಲ್ಲಿ ಹತ್ತೂ ಇಪ್ಪತ್ತೈದು. ಪಂಕಜಾಕ್ಷಿ ಗೋಡೆಯ ಬಳಿ ನೆಟ್ಟಿನ ತಂತಿ ಹಿಡಿದುಕೊಂಡು ನಿಂತಿದ್ದರು.

"ಮಾಷ್ಟ್ರೇ, ಆ ರಿಜಿಸ್ಟರ್ ಒಮ್ಮೆ ಕೊಡಿ," ಎಂದಳು ಹಲೀಮಾ.

ಅವಳು ಟ್ಯಾಬನ್ನು ಮಗುಚಿ ಅದರ ಬೆನ್ನನ್ನು ರಿಜಿಸ್ಟರಿನ ಪಕ್ಕ ಇಟ್ಟಳು. ಬೆರಳನ್ನು ಉದಯಶಂಕರರ ದುಂಡು ಅಕ್ಷರದ ಕೊನೆಯ ಜೋಡಿಯ ಮೇಲೆ, ಬಲತುದಿಯಲ್ಲಿ ಇಟ್ಟು, ಎಡಕ್ಕೆ ಸರಿಸುತ್ತಾ ಓದಿದಳು. ಅರುವತ್ತನಾಲ್ಕು. ಹದಿನೆಂಟು. ಐವತ್ತೆರಡು. ಎಪ್ಪತ್ತು. ಮೂವತ್ತೊಂದು. ಸೊನ್ನೆ ಒಂಬತ್ತು.

"ನಾನು ಶಾಲೆಗೆ ಹೋಗುವ ಮೊದಲೇ ಮದರಸಕ್ಕೆ ಹೋದದ್ದು," ಎಂದಳು ಅವಳು ತಪ್ಪು ಮಾಡಿದವಳ ಹಾಗೆ. "ಅಲ್ಲಿ ಓದುವುದು ಬಲದಿಂದ. ಈಗಲೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಬಲದಿಂದ ಓದಿದರೆ ನೀವು ಬರೆದದ್ದು ಸರಿ ಉಂಟು."

ಉದಯಶಂಕರರು ಟ್ಯಾಬ್ ನೋಡಿದರು. ರಿಜಿಸ್ಟರ್ ನೋಡಿದರು. ಪರದೆ ನೋಡಿದರು. ಕುಂಟು ಆಡಿನ ಮನೆಯನ್ನು ಹುಡುಕಿ ತೆಗೆದ ಮನುಷ್ಯ, ತನ್ನೆದುರು ಎರಡು ಮಾರು ದೂರದಲ್ಲಿ ಕೂತು ದಿನಾ ಚಹಾ ಕೊಟ್ಟವಳನ್ನು ವಾರವಿಡೀ ಹೊರಗೆ ನಿಲ್ಲಿಸಿದ್ದ.

"ಅಂದರೆ ನನ್ನ ಹೆಂಡತಿಯ ಹಿಂದೆ ಬಂದದ್ದು ನನ್ನ ಹೆಂಡತಿಯಾ?" ಎಂದು ಮೊಯಿನುದ್ದೀನ್ ಕೇಳಿದ.

"ಹಾಗಾದರೆ ಉಳಿದ ಹನ್ನೆರಡು?" ಎಂದರು ಪಂಕಜಾಕ್ಷಿ. ಬೋಜರು ಬುಟ್ಟಿಯೊಳಗೆ ನೋಡಿದರು, ಮತ್ತೆ ತನ್ನ ಫೋನನ್ನು ತೆಗೆದು ಅದರ ಹಿಂದೆ ಸಣ್ಣಕ್ಷರದಲ್ಲಿ ಬರೆದಿದ್ದ ದೇಶದ ಹೆಸರನ್ನು ಓದಿದರು. ಓದಿ, ಯಾರಿಗೂ ಹೇಳದೆ ವಾಪಸು ಬುಟ್ಟಿಗೆ ಹಾಕಿದರು.

ಹತ್ತೂ ನಲುವತ್ತು. ಉದಯಶಂಕರರು ತಿದ್ದಲು ಕೂತರೆ ಗಡಿಬಿಡಿಯಲ್ಲಿ ನಾಲ್ಕು ಒತ್ತುವಲ್ಲಿ ಏಳು ಬೀಳುತ್ತಿತ್ತು. ಎರಡು ಸಲ ತಪ್ಪಿತು. ಇಪ್ಪತ್ತೇಳು ಜನರೂ ಒಟ್ಟಿಗೆ ಅಂಕಿ ಹೇಳಿಕೊಡತೊಡಗಿದರು. ಬೋಜರು ತನ್ನ ಸಣ್ಣ ಸ್ವರದಲ್ಲೇ ಎಲ್ಲರನ್ನೂ ಜಗಲಿಗೆ ಕಳಿಸಿದರು. ಹಲೀಮಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಈ ಸಲ ಎಡದಿಂದ, ಒಂದೊಂದೇ ಜೋಡಿ ಓದಿದಳು. ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗೆ, ಅವರು ಒತ್ತುವವರೆಗೆ ಕಾದು, ಮತ್ತೆ ಮುಂದಿನದ್ದು. ಸೊನ್ನೆ ಒಂಬತ್ತು ಒತ್ತಿ ಮುಗಿಸಿದಾಗ ಪರದೆಯ ಮೇಲೆ ಹಸಿರು ಸಾಲು ಬಂತು. 'ಹಲೀಮಾ, ಒಳಗೆ ಬಂದಿದ್ದಾರೆ.'

ಹತ್ತೂ ಐವತ್ತೆಂಟು.

ಪರೀಕ್ಷೆ ಇಪ್ಪತ್ತು ನಿಮಿಷ ನಡೆಯಿತು. ಜಗಲಿಯಲ್ಲಿ ಇಪ್ಪತ್ತೇಳು ಜನ, ಫೋನಿಲ್ಲದೆ, ಮಾತಿಲ್ಲದೆ, ಕಿಟಕಿಗೆ ಕಿವಿ ಕೊಟ್ಟು ನಿಂತರು. ಎಲೆ ಆಹಾರ ತಯಾರಿಸುವುದು ಹೇಗೆ, ತುಕ್ಕು ಹಿಡಿಯಲಿಕ್ಕೆ ಎಂತೆಂತ ಬೇಕು, ರಕ್ತ ಯಾಕೆ ಕೆಂಪು, ಎಲ್ಲವನ್ನೂ ಹಲೀಮಾ ನಿಧಾನವಾಗಿ ಹೇಳಿದಳು. ಒಂದು ಪ್ರಶ್ನೆಗೆ ಮಾತ್ರ ಗೊತ್ತಿಲ್ಲ ಎಂದಳು. ಅದು ತನಗೆ ಗೊತ್ತಿತ್ತು ಎಂದು ಒಬ್ಬ ಆಟೋದವನು ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ.

ಸೋಮವಾರ ಯಶ್ಮಿತಾ ಎಡನೀರಿನಿಂದ ಬಂದಳು. ಉದಯಶಂಕರರ ಜಗಲಿಯಲ್ಲಿ ಕೂತು ಎಲ್ಲವನ್ನೂ ಕೇಳಿದಳು. ನಗಬಾರದೆಂದು ಅವಳು ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದನ್ನು ನೋಡಿ ಉದಯಶಂಕರರಿಗೆ ಇನ್ನಷ್ಟು ಸಂಕಟವಾಯಿತು.

"ಮಾವ, ನೀವು ಮಜ್ಜಿಗೆ ತರಲಿಕ್ಕೆ ಒಳಗೆ ಹೋದಾಗ ನಾನು ಹೇಳಿದ್ದೇ ಅದು. ಉಳಿದ ಸಂಖ್ಯೆಗಳನ್ನು ತಿರುಗಿಸಲಿಕ್ಕೆ ಉಂಟು, ಈ ವಿಳಾಸವನ್ನು ಮಾತ್ರ ಯಾರೂ ತಿರುಗಿಸುವುದಿಲ್ಲ. ಆರು ಜೋಡಿ ಬಂದ ಹಾಗೆಯೇ ಸಾಲಾಗಿ ಇಡುವುದು."

"ದೊಡ್ಡದು ಮೊದಲು, ಸಣ್ಣದು ಕೊನೆಗೆ. ಇದು ಎಲ್ಲಿಯಾದರೂ ಉಂಟಾ ಮಗಳೇ?" ಎಂದು ಅವರು ಕೊನೆಯ ಪ್ರಯತ್ನ ಮಾಡಿದರು.

ಒಳಗಿನಿಂದ ಶಂಕರಿ ಹೇಳಿದರು, "ದಿನಾ ಬೆಳಿಗ್ಗೆ ದೇವರೆದುರು ಕೂತು ಸಂಕಲ್ಪ ಮಾಡುವಾಗ ಎಲ್ಲಿಂದ ಶುರು ಮಾಡುತ್ತೀರಿ? ಜಂಬೂದ್ವೀಪದಿಂದಲೇ ಅಲ್ಲವಾ? ನಿಮ್ಮ ಹೆಸರು ಬರುವುದು ಕೊನೆಗೆ. ದೇವರು ಒಂದು ದಿನವೂ ಬೇರೆ ಮನೆಗೆ ಹೋದದ್ದಿಲ್ಲ."

ನಲುವತ್ತು ವರ್ಷದಿಂದ ದಿನಾ ಹೇಳಿದ ವಿಳಾಸ ಅದು. ಉದಯಶಂಕರರು ಕಂಬಕ್ಕೆ ಒರಗಿದರು.

"ಇನ್ನೂ ಒಂದು ಉಂಟು ಮಾವ," ಎಂದಳು ಯಶ್ಮಿತಾ. "ಈ ವಿಳಾಸಗಳಲ್ಲಿ ಮೊದಲ ಜೋಡಿ ಬೆಸ ಅಂಕಿಯಲ್ಲಿ ಮುಗಿದರೆ ಅದು ಒಂದು ಯಂತ್ರಕ್ಕೆ ಅಂತ ಅಲ್ಲ, ಒಂದು ಗುಂಪಿಗೆ ಅಂತ ಲೆಕ್ಕ. ನೀವು ಸೊನ್ನೆ ಒಂಬತ್ತು ಮೊದಲು ಬರೆದಿರಿ. ಅಂದರೆ ನೀವು ಬರೆದದ್ದು ಹಲೀಮಕ್ಕನ ವಿಳಾಸ ಅಲ್ಲ. ಸೇರಿದವರಿಗೆಲ್ಲ ಎಂದು ಬರೆದ ಹಾಗೆ."

ಉದಯಶಂಕರರು ಲೆಕ್ಕ ಹಾಕುವವರ ಹಾಗೆ ಬೆರಳು ಮಡಚಿದರು.

"ಹೌದು, ಸರಿಯಾಗಿಯೇ ಮುಟ್ಟಿದೆ," ಎಂದರು ಕೊನೆಗೆ. "ಇಪ್ಪತ್ತೇಳು ಜನ ಬಂದಿದ್ದರು."

ಅಂದಿನಿಂದ ಅವರು ವಿಳಾಸ ಎಂಬ ಶಬ್ದ ಕೇಳಿದರೆ ಪೇಪರು ಅಡ್ಡ ಹಿಡಿಯುತ್ತಿದ್ದರು. ಕುಂಟು ಆಡಿನ ಕಥೆಯೂ ನಿಂತಿತು. ಶಂಕರಿ ಕಾಫಿಗೆ ಯಾವಾಗ ನೀರಿಡುವುದೆಂದು ತಿಳಿಯದೆ ಒದ್ದಾಡಿದರು.

ತಿಂಗಳು ಕಳೆದು ಹಲೀಮಾ ವಾಚನಾಲಯಕ್ಕೆ ಬಂದಳು. ಪಾಸಾಗಿದ್ದಳು. ಸರ್ಟಿಫಿಕೇಟ್ ಅಂಚೆಯಲ್ಲಿ ಬರಬೇಕಾದರೆ ಸ್ವಂತ ವಿಳಾಸ ಬರೆದ ಲಕೋಟೆಯೊಂದನ್ನು ಕೇಂದ್ರಕ್ಕೆ ಕಳಿಸಬೇಕಿತ್ತು. ಹಿಂದೆ ಮೊಯಿನುದ್ದೀನ್, ಕೊಡೆ ಸಮೇತ. ಯಶ್ಮಿತಾಳೂ ಅಲ್ಲಿದ್ದಳು.

"ಹೇಗೆ ಬರೆಯುವುದು ಮಾಷ್ಟ್ರೇ?"

ಉದಯಶಂಕರರು ಬೆಚ್ಚಿಬಿದ್ದು, ಯಶ್ಮಿತಾಳನ್ನು ಕೇಳು ಎಂದು ಕೈ ತೋರಿಸಿದರು.

"ನನಗೆ ಗೊತ್ತಿಲ್ಲ," ಎಂದಳು ಯಶ್ಮಿತಾ. "ಲಕೋಟೆಗೆ ಮಾವನ ಫಂಕ್ಷನ್ನೇ ಆಗಬೇಕು."

ಅವರು ಪೇಪರು ಕೆಳಗಿಟ್ಟರು. ಕನ್ನಡಕ ಒರೆಸಿದರು. "ಮೊದಲು ನಿನ್ನ ಹೆಸರು ಬರೆ," ಎಂದರು.

ಹಲೀಮಾ ತನ್ನ ಹೆಸರು ಬರೆದಳು. ಮುಂದಿನ ಸಾಲಿಗೆ ಬಂದಾಗ ಪೆನ್ನು ನಿಂತಿತು. ಅವಳು ಗಂಡನ ಮುಖ ನೋಡಿದಳು.

"ನನ್ನ ಹೆಸರು ಎಂತಕ್ಕೆ?" ಎಂದ ಮೊಯಿನುದ್ದೀನ್. "ಚೀನಾದವರೇ ನಿನ್ನನ್ನು ಹುಡುಕಿಕೊಂಡು ಬಂದರಲ್ಲ. ಅಂಚೆಯವರಿಗೆ ಸಿಕ್ಕದಾ?"

ಎರಡನೆಯ ಸಾಲಿನಲ್ಲಿ ಅವಳು ಮನೆಯ ಹೆಸರು ಬರೆದಳು.

ಮುಂದಿನ ಇಪ್ಪತ್ತು ದಿನ ಉದಯಶಂಕರರು ಟಪಾಲು ಚೀಲ ಬರುವ ಹೊತ್ತಿಗೆ ಸರಿಯಾಗಿ ಪೋಸ್ಟ್ ಆಫೀಸಿನ ಮೆಟ್ಟಿಲಲ್ಲಿ ಕೂತರು. ಅಲ್ಲಿ ಈಗ ಇರುವ ಪೋಸ್ಟ್ ಮ್ಯಾನ್ ಇದನ್ನು ಕಂಡೂ ಕಾಣದವನಂತೆ ಇದ್ದ. ಇಪ್ಪತ್ತೊಂದನೆಯ ದಿನ ಅವನು ಒಂದು ಉದ್ದ ಲಕೋಟೆಯನ್ನು ಬೇರೆ ತೆಗೆದಿಟ್ಟು, ಆ ಕಡೆಯ ಗುಡ್ಡ ಹತ್ತಲು ಇವತ್ತು ತನ್ನ ಮೊಣಕಾಲು ನೋಯುತ್ತದೆ, ಮಾಷ್ಟ್ರು ಒಟ್ಟಿಗೆ ಬಂದರೆ ಒಳ್ಳೆಯದಿತ್ತು ಎಂದ. ಅವನಿಗೆ ವಯಸ್ಸು ಇಪ್ಪತ್ತೆಂಟು.

ಇಬ್ಬರೂ ಗುಡ್ಡ ಹತ್ತಿದರು. ಲಕೋಟೆ ಹಿಡಿದದ್ದು ಉದಯಶಂಕರರು. ಅರ್ಧ ದಾರಿಯಲ್ಲಿ ಯಾರೋ ಹಿಂದೆ ಬರುತ್ತಿದ್ದಾರೆ ಎಂದು ಅವರಿಗೆ ಅನ್ನಿಸಿತು. ಗಕ್ಕನೆ ತಿರುಗಿ ನೋಡಿದರೆ ಆಟೋದವರು ಮೂವರು, ಪಂಕಜಾಕ್ಷಿ, ಸೈಕಲ್ ತಳ್ಳಿಕೊಂಡು ಬೋಜರು, ಅವರ ಹಿಂದೆ ಇನ್ನೂ ಯಾರು ಯಾರೋ. ಅಪರಿಚಿತರು ಒಬ್ಬರೂ ಇರಲಿಲ್ಲ.

ಉದಯಶಂಕರರು ಗೇಟಿನ ಬಳಿ ನಿಂತು ಲಕೋಟೆಯ ಮೊದಲ ಸಾಲನ್ನು ನೋಡಿದರು. ಅಲ್ಲಿಂದ ಮುಂದೆ ಓದುವ ಅಗತ್ಯ ಬೀಳಲಿಲ್ಲ.

"ಹಲೀಮಾ," ಎಂದು ಹಳೆಯ ಸ್ವರದಲ್ಲಿ ಕೂಗಿದರು, "ಕಾಗದ ಉಂಟು."